ಹೇಳಿ ಕಳಿಸ್ತೀವಿ

ಜೂನ್ ೨೬, ಗುರುವಾರ

ಇವತ್ತಿನಿಂದ ಆಷಾಢ. ಮದುವೆಯ ಮಾತನ್ನು ಯಾರೂ ಎತ್ತದ ತಿಂಗಳಲ್ಲಿ ನನಗೆ ಮದುವೆ ಕೇಂದ್ರದಲ್ಲಿ ಕೆಲಸ ಸಿಕ್ಕಿದೆ. ನನ್ನ ಹಣೆಬರಹ ಬರೆದವನಿಗೆ ತಮಾಷೆ ಜಾಸ್ತಿ.

ಕೆಲಸ ಕೊಟ್ಟವರು ವೀರಭದ್ರಸ್ವಾಮಿಯವರು. ಹುಣಸೂರು ಬಸ್ ನಿಲ್ದಾಣದ ಹಿಂದೆ, ಬೇಕರಿಯ ಮೇಲಿನ ಮಹಡಿಯಲ್ಲಿ ಅವರ ‘ಶುಭಘಳಿಗೆ ವಧೂವರ ಮಾಹಿತಿ ಕೇಂದ್ರ’. ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯಲ್ಲಿ ಒಂದೊಂದು ಶಾಖೆ. ಒಂಬತ್ತು ವರ್ಷದ ಹಿಂದೆ ನನ್ನ ಮದುವೆ ಮಾಡಿಸಿದ ಪುಣ್ಯಾತ್ಮರೂ ಇವರೇ. ಆ ಮದುವೆ ಹೋದ ವರ್ಷ ಮೈಸೂರಿನ ಕೋರ್ಟಿನಲ್ಲಿ ಮುಗಿಯಿತು. ಇವರ ಗೋಡೆಯ ಮೇಲೆ ಮಾತ್ರ ಮುಗಿದಿಲ್ಲ. ‘ಯಶಸ್ವೀ ಜೋಡಿಗಳು’ ಎಂಬ ಬೋರ್ಡಿನ ಕೆಳಗೆ ನಾನು ಬಾಸಿಂಗ ಕಟ್ಟಿಕೊಂಡು ತಲೆ ಬಗ್ಗಿಸಿ ನಿಂತಿದ್ದೇನೆ. ದೇವರ ದಯೆ, ಮುಖ ಕಾಣುವುದಿಲ್ಲ.

“ಸಾರ್, ಮೊದಲು ಅದನ್ನು ತೆಗೀರಿ” ಅಂದೆ.

“ಅಯ್ಯೋ ಇರ್ಲಿ ಬುಡಮ್ಮ, ತೆಗುದ್ರೆ ಮೊಳೆ ಕಾಣ್ತದೆ.”

ಅವರ ಆಸೆ ಏನೆಂದರೆ, ಹುಣಸೂರಿನಲ್ಲಿ ಕೂತವರಿಗೆ ಕೋಟೆಯ ಹುಡುಗಿ ಕಾಣಬೇಕು, ಕೆ.ಆರ್. ನಗರದಲ್ಲಿ ಕೂತವರಿಗೆ ಪಿರಿಯಾಪಟ್ಟಣದ ಹುಡುಗ ಕಾಣಬೇಕು. ಎಲ್ಲ ಶಾಖೆಯ ಮಾಹಿತಿಯನ್ನೂ ಹುಣಸೂರಿನ ಒಂದೇ ಡೇಟಾಬೇಸಿಗೆ ತುಂಬಿ, ನೋಡುವುದಕ್ಕೆ ಒಂದು ಪ್ರೋಗ್ರಾಂ ಬರೆಯುವುದು ನನ್ನ ಕೆಲಸ. ಬರೆಯುವುದು ಕಷ್ಟವಲ್ಲ. ಆದರೆ ಪ್ರೋಗ್ರಾಮಿಗೂ ಡೇಟಾಬೇಸಿಗೂ ನೇರ ಮಾತಿಲ್ಲ. ನಡುವೆ ಕನೆಕ್ಟರ್ ಎಂಬ ಲೈಬ್ರರಿ ಬೇಕು. ಅದನ್ನು ಪ್ರತಿ ಶಾಖೆಗೂ ಹೋಗಿ ಅಲ್ಲಿಯ ಕಂಪ್ಯೂಟರಿಗೆ ಹಾಕಬೇಕು.

“ಅದ್ಯಾಕಮ್ಮ ನಡುವೆ ಇನ್ನೊಂದು?” ಅಂದರು ಸ್ವಾಮಿಗಳು.

“ನಿಮ್ಮ ಥರಾನೇ ಸಾರ್. ಎರಡು ಕಡೆಯೋರೂ ಮುಖ ನೋಡಿ ಮಾತಾಡಲ್ಲ. ನಡುವೆ ಒಬ್ಬರು ಕೂತು ಅಲ್ಲೀದನ್ನ ಇಲ್ಲಿಗೆ, ಇಲ್ಲೀದನ್ನ ಅಲ್ಲಿಗೆ ದಾಟಿಸಬೇಕು.”

ಹೊಗಳಿದೆ ಅಂದುಕೊಂಡು ಕಾಫಿ ತರಿಸಿದರು.

“ಶ್ರಾವಣಕ್ಕೆ ರೆಡಿ ಆಗ್ಬೇಕು ಕಣಮ್ಮ. ನಾಕು ತಾಲ್ಲೂಕಿನ ಹೆಣ್ಮಕ್ಳು ಒಂದೇ ಕಡೆ ಕಂಡ್ರೆ ಗಂಡಿನ ಕಡೆಯೋರು ಮೆಟ್ಲು ಮುರ್ಕೊಂಡು ಬತ್ತಾರೆ.”

ಬರಲಿ. ಬೇಕರಿಯವನಿಗಾದರೂ ವ್ಯಾಪಾರವಾಗುತ್ತದೆ.

ಜೂನ್ ೩೦, ಸೋಮವಾರ

ಹುಣಸೂರಿನದು ವಿಂಡೋಸ್ ಹತ್ತು. ಸಾಧು ಪ್ರಾಣಿ. ಕನೆಕ್ಟರಿನ ಫೈಲನ್ನು ಎರಡು ಸಲ ಒತ್ತಿ, ಕೇಳಿದ್ದಕ್ಕೆಲ್ಲ ‘ನೆಕ್ಸ್ಟ್’ ಅಂದರೆ ಮುಗಿಯಿತು. ಒಪ್ಪಂದದಲ್ಲಿ ಏನು ಬರೆದಿದೆ ಅಂತ ಓದಲಿಲ್ಲ. ಮದುವೆಯಲ್ಲೂ ಓದಿರಲಿಲ್ಲ.

ಹನ್ನೊಂದು ಗಂಟೆಗೆ ಒಬ್ಬ ಬಂದ. ಇಸ್ತ್ರಿ ಹಾಕಿದ ಬಿಳಿ ಶರ್ಟು, ಜೇಬಿನಲ್ಲಿ ಎರಡು ಪೆನ್ನು. ಹೆಸರು ನಿಂಗರಾಜು, ಊರು ಹನಗೋಡು. ಹೊಗೆಸೊಪ್ಪು, ಶುಂಠಿ ಬೆಳೆಯುತ್ತಾನಂತೆ. ಹೊಗೆಸೊಪ್ಪಿಗೆ ಎರಡು ಪೆನ್ನು ಯಾಕೆ ಬೇಕೋ ಶಿವನೇ ಬಲ್ಲ. ವಯಸ್ಸು ಮೂವತ್ತಾರು. ಎರಡು ವರ್ಷದಿಂದ ಪ್ರತಿ ಸೋಮವಾರ ಬರುತ್ತಿದ್ದಾನೆ. ಸೋಮವಾರವೇ ಯಾಕೆ ಎಂದರೆ, “ಇವತ್ತು ಬಸವಣ್ಣನ ವಾರ ಅಲ್ವಾ ಮೇಡಂ, ನಾವು ಆರು ಕಟ್ಟಿ ಉಳಕಿಲ್ಲ” ಅಂದ. ಉಳುವುದು ಟ್ರ್ಯಾಕ್ಟರಿನಲ್ಲಿ. ಟ್ರ್ಯಾಕ್ಟರಿಗೂ ಸೋಮವಾರ ರಜ!

ಅವನ ಪ್ರಶ್ನೆ ಒಂದೇ. “ಕೋಟೆ ಉಡುಗಿ ಕಡೆಯಿಂದ ಏನಾರ ಯೋಳಿ ಕಳ್ಸಿದ್ರಾ ಸಾಮಿ?”

“ಜಾತಕ ನೋಡ್ತಾವ್ರೆ ಕಣಪ್ಪ. ಆಷಾಢ ಕಳೀಲಿ, ಹೇಳಿ ಕಳಿಸ್ತೀವಿ ಅಂದವ್ರೆ.”

ಅವನು ತಲೆಯಾಡಿಸಿ ಇಳಿದು ಹೋದ. ‘ಹೇಳಿ ಕಳಿಸ್ತೀವಿ’ ಅಂದರೆ ನಮ್ಮ ಸೀಮೆಯಲ್ಲಿ ಏನರ್ಥ ಅಂತ ತೊಟ್ಟಿಲ ಮಗುವಿಗೂ ಗೊತ್ತು. ಹುಡುಗಿ ನೋಡಲು ಬಂದವರಿಗೆ ಉಪ್ಪಿಟ್ಟು ಕೇಸರಿಬಾತು ಕೊಟ್ಟು, ಕಾಫಿ ಕೊಟ್ಟು, ಬಾಗಿಲವರೆಗೂ ಬಂದು ಹೇಳುವ ಮಾತು ಅದು. ಮುಖ ನೋಡಿ ‘ಇಲ್ಲ’ ಅನ್ನುವುದು ನಮ್ಮಲ್ಲಿ ಮರ್ಯಾದೆಯಲ್ಲ. ಎರಡು ವರ್ಷ ಕಾಯಿಸುವುದು ಮರ್ಯಾದೆ. ಈ ಹೆಡ್ಡನಿಗೆ ಮಾತ್ರ ಅದು ಇನ್ನೂ ತಲೆಗೆ ಹೋಗಿಲ್ಲ.

ಜುಲೈ ೩, ಗುರುವಾರ

ಪಿರಿಯಾಪಟ್ಟಣ. ಶಾಖೆ ಅಂದರೆ ಜೆರಾಕ್ಸ್ ಅಂಗಡಿಯ ಒಂದು ಮೂಲೆ. ನೋಡಿಕೊಳ್ಳುವವರು ಕುಳ್ಳಯ್ಯನವರು, ಅರವತ್ತು ದಾಟಿದವರು, ಹೆಣ್ಣು ಗಂಡು ಕೂಡಿಸುವುದನ್ನು ಕಂಪ್ಯೂಟರ್ ಹುಟ್ಟುವ ಮೊದಲಿನಿಂದ ಮಾಡಿಕೊಂಡು ಬಂದವರು. ಕಂಪ್ಯೂಟರಿಗೆ ಟವಲು ಹೊದಿಸಿ, ಮೇಲೆ ಮಲ್ಲಿಗೆ ಹೂ ಇಟ್ಟಿದ್ದರು. ಸತ್ತೇ ಹೋಗಿದೆ ಅಂದುಕೊಂಡೆ. ಬದುಕಿತ್ತು. ವಿಂಡೋಸ್ ಏಳು, ಅದರಲ್ಲೂ ಹಳೆಯ ಮೂವತ್ತೆರಡು ಬಿಟ್ಟಿನದು.

ಇದಕ್ಕೆ ಹೊಸ ಕನೆಕ್ಟರ್ ಆಗುವುದಿಲ್ಲ. ಹುಡುಕಿ ಹುಡುಕಿ ಹಳೆಯದೊಂದನ್ನು ತಂದು ಹಾಕಿದೆ. ‘ಯಶಸ್ವಿಯಾಗಿ ಸ್ಥಾಪಿಸಲಾಗಿದೆ’ ಅಂದಿತು. ಪ್ರೋಗ್ರಾಂ ಓಡಿಸಿದರೆ ‘ಕನೆಕ್ಟರ್ ಎಲ್ಲಿದೆ?’ ಅಂತ ನನ್ನನ್ನೇ ಕೇಳಿತು. ಅದೇ ಡಬ್ಬದೊಳಗೆ ಇದೆಯಲ್ಲೇ ಮಾರಾಯ್ತಿ! ಒಂದೇ ಸೂರಿನಡಿ ಇದ್ದೂ ಒಬ್ಬರಿಗೊಬ್ಬರು ಕಾಣಿಸುವುದಿಲ್ಲ. ಈ ಕಾಯಿಲೆ ನನಗೆ ಚೆನ್ನಾಗಿ ಗೊತ್ತು, ಏಳು ವರ್ಷ ಅನುಭವಿಸಿದ್ದೇನೆ. ಕೊನೆಗೆ ನೋಡಿದರೆ ಕನೆಕ್ಟರಿಗೆ ಬೇಕಾದ ಇನ್ನೊಂದು ಸಣ್ಣ ಫೈಲು ಆ ಕಂಪ್ಯೂಟರಿನಲ್ಲಿರಲಿಲ್ಲ. ಅದನ್ನು ಹಾಕಿದ ಮೇಲೆ ಮಧ್ಯಾಹ್ನ ಮೂರಕ್ಕೆ ಹುಣಸೂರಿನ ಡೇಟಾಬೇಸು ಬಾಯಿ ಬಿಟ್ಟಿತು. ಕುಳ್ಳಯ್ಯನವರು ಸ್ಕ್ರೀನಿಗೆ ಕೈ ಮುಗಿದರು.

ಅವರ ಪಟ್ಟಿಯನ್ನು ಮೇಲಕ್ಕೆ ಕಳಿಸುವಾಗ ಕೇಳಿದೆ, “ಕುಳ್ಳಯ್ಯನೋರೆ, ಇದರಲ್ಲಿ ಮದುವೆ ಆಗಿರೋ ಹುಡುಗಿಯರದ್ದು ಅಳಿಸಿದೀರಾ?”

ಮುದುಕ ಬೆಚ್ಚಿಬಿದ್ದರು. “ಬುಡ್ತು ಅನ್ನವ್ವ! ಮದ್ವೆ ಆದ್ಮೇಲೆ ಮುತ್ತೈದೆ ಕಣವ್ವ. ಮುತ್ತೈದೆ ಎಸ್ರ ಯಾರಾರ ಅಳುಸ್ತಾರಾ? ನಮ್ಮ ಕೈಯಾಗೆ ಅದಾಗಕಿಲ್ಲ.”

“ಹಾಗಾದರೆ ಇದರಲ್ಲಿರೋರೆಲ್ಲ...”

“ಇದ್ರೆ ಇರ್ಲಿ ತಗಾ. ಪಟ್ಟಿ ತುಂಬ್ಕಂಡಿದ್ರೆ ಲಕ್ಷಣವಾಗಿರ್ತದೆ.”

ನನಗೆ ಆಗ ಬಸ್ಸಿನ ಚಿಂತೆ. ಸರಿ ಅಂತ ಎಲ್ಲವನ್ನೂ ಕಳಿಸಿ ಎದ್ದೆ.

ಜುಲೈ ೭, ಸೋಮವಾರ

ಅವನು ಬಂದ. ನೀಲಿ ಶರ್ಟು. ಸ್ವಾಮಿಗಳು ಇರಲಿಲ್ಲ, ನನ್ನನ್ನೇ ಕೇಳಿದ. ನನಗೇನು ಗೊತ್ತು ಅಂದೆ. ಹೋಗುವ ಬದಲು ಕೂತ.

ಹೋದ ಮಾಘದಲ್ಲಿ ಗುರುಪುರದ ಕಡೆಯಿಂದ ಒಂದು ಸಂಬಂಧ ತಾನಾಗಿ ಬಂದಿತ್ತಂತೆ. ಬೇಡ ಅಂದನಂತೆ.

“ಯಾಕ್ರೀ?”

“ಕೋಟೆಯೋರು ಜಾತಕ ನೋಡ್ತಾವ್ರಲ್ಲ ಮೇಡಂ. ಇಲ್ಲಿ ಒಬ್ರು ಯೋಚ್ನೆ ಮಾಡ್ತಿರೋವಾಗ ಅಲ್ಲಿ ಓಗಿ ಇನ್ನೊಬ್ರ ನೋಡ್ಕಂಡು ಕುಂತ್ರೆ ತಪ್ಪಾಗಕಿಲ್ವಾ? ನಮ್ಮವ್ವ ಬಾಯಿಗೆ ಬಂದಂಗೆ ಉಗುದ್ರು. ಉಗೀಲಿ ಬುಡಿ.”

ಇಂಥವನನ್ನು ಮ್ಯೂಸಿಯಮ್ಮಿನಲ್ಲಿಡಬೇಕು. ಜಗತ್ತಿನಲ್ಲಿ ಹೆಣ್ಣಿಗಾಗಿ ಕಾಯುವವರನ್ನು ನೋಡಿದ್ದೇನೆ, ಹೆಣ್ಣಿನ ಕಡೆಯವರು ಯೋಚಿಸುತ್ತಿರಬಹುದು ಎಂಬ ಊಹೆಗೆ ನಿಯತ್ತಾಗಿರುವವನನ್ನು ನೋಡಿರಲಿಲ್ಲ. ಹಾಗಂತ ಮುಖಕ್ಕೇ ಹೇಳಿದೆ. ನಕ್ಕ. ಮುಂದಿನ ಹಲ್ಲೊಂದು ಸ್ವಲ್ಪ ಸೊಟ್ಟ.

ಜುಲೈ ೧೦, ಗುರುವಾರ

ಕೆ.ಆರ್. ನಗರ. ಇಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವಳು ಅಫ್ರೀನ್, ಇಪ್ಪತ್ತೆರಡರ ಹುಡುಗಿ, ಮಾತಿನ ಮಲ್ಲಿ. ಯಾರದೋ ಜಾತಕದ ಪೆನ್‌ಡ್ರೈವಿನಿಂದ ವೈರಸ್ ಹತ್ತಿ ವಿಂಡೋಸು ಮಲಗಿದ ಮೇಲೆ ಅವಳ ಅಣ್ಣ ಬಂದು ಉಬುಂಟು ಹಾಕಿಕೊಟ್ಟು ಹೋಗಿದ್ದಾನೆ. ಆಮೇಲೆ ವೈರಸ್ಸೂ ಇಲ್ಲ, ಪ್ರಿಂಟರೂ ಇಲ್ಲ.

ಉಬುಂಟುವಿನಲ್ಲಿ ಎರಡು ಸಲ ಒತ್ತಿ ನೆಕ್ಸ್ಟ್ ಅನ್ನುವ ಸುಖವಿಲ್ಲ. ಕಪ್ಪು ಪರದೆಯ ಮೇಲೆ ಆಜ್ಞೆ ಬರೆಯಬೇಕು. ಕನೆಕ್ಟರ್ ಕೊಡು ಅಂದರೆ, ಮೊದಲು ಆ ಪ್ಯಾಕೇಜ್ ತಾ ಅನ್ನುತ್ತದೆ. ಅದನ್ನು ತಂದರೆ ಅದರ ಚಿಕ್ಕಪ್ಪ ದೊಡ್ಡಪ್ಪಂದಿರನ್ನೆಲ್ಲ ಕರೆದುಕೊಂಡು ಬಾ ಅನ್ನುತ್ತದೆ. ನಿಶ್ಚಿತಾರ್ಥಕ್ಕೆ ಮಿನಿಬಸ್ ಮಾಡಿಕೊಂಡು ಬರುವವರ ಹಾಗೆ ಎಲ್ಲರೂ ಬಂದು ಕೂತ ಮೇಲೂ ಕೆಲಸ ಆಗಲಿಲ್ಲ. ಕನೆಕ್ಟರ್ ಯಾವ ಜಾಗದಲ್ಲಿದೆ ಅಂತ ಒಂದು ಫೈಲಿನಲ್ಲಿ ವಿಳಾಸ ಬರೆಯಬೇಕು. ಬರೆದಿದ್ದೆ, ತಪ್ಪು ವಿಳಾಸ. ಅದನ್ನು ಕಂಡುಹಿಡಿದದ್ದು ಅಫ್ರೀನ್, ನಾನು ಕಾಫಿ ಕುಡಿದು ಬರುವಷ್ಟರಲ್ಲಿ. ಅವಳಿಗೆ ಶಾಭಾಷ್ ಅನ್ನಲು ಅರ್ಧ ಗಂಟೆ ಬೇಕಾಯಿತು ನನಗೆ.

ಒಂದು ವಿಚಾರ ಬರೆದಿಡಬೇಕು. ಶಾಖೆಯಿಂದ ಶಾಖೆಗೆ ಪಟ್ಟಿಯ ಕಾಲಂಗಳು ಹೊಂದುತ್ತಿಲ್ಲ. ಎತ್ತರ ಒಂದು ಕಡೆ ಅಡಿಯಲ್ಲಿ, ಇನ್ನೊಂದು ಕಡೆ ಸೆಂಟಿಮೀಟರಿನಲ್ಲಿ. ಹುಟ್ಟಿದ ದಿನಾಂಕ ಕೆಲವರಿಗೆ ಇಲ್ಲವೇ ಇಲ್ಲ. ಜಾತಿ ಒಳಜಾತಿಯ ಕಾಲಂ ಮಾತ್ರ ಮೂರೂ ಕಡೆ ಒಂದಿಷ್ಟೂ ತಪ್ಪಿಲ್ಲದೆ ತುಂಬಿದೆ. ನಮ್ಮ ಜನ ಶ್ರದ್ಧೆಯಿಲ್ಲದವರು ಅಂತ ಯಾರು ಹೇಳಿದ್ದು?

ಹೊರಡುವಾಗ ಅಫ್ರೀನ್ ಕೇಳಿದಳು, “ಅಕ್ಕಾ, ನಿಮ್ಮ ಆ ಸೋಮವಾರದ ಅಣ್ಣಂಗೆ ಉತ್ರ ಬಂತಾ?”

ಅವನ ವಿಷಯ ಇವಳಿಗೆ ನಾನು ಯಾವಾಗ ಹೇಳಿದೆ? ಹೇಳಿರಬೇಕು. ಪ್ಯಾಕೇಜ್ ಇಳಿಯುವವರೆಗೂ ಬಾಯಿ ಸುಮ್ಮನಿರಬೇಕಲ್ಲ.

ಜುಲೈ ೧೪, ಸೋಮವಾರ

ಒಂದು ಗಂಟೆಯಾದರೂ ಅವನು ಬರಲಿಲ್ಲ. ಬರದಿದ್ದರೆ ನನಗೇನು. ಊಟದ ಡಬ್ಬಿ ತೆಗೆಯುವುದು ಮರೆತಿತ್ತು, ಅಷ್ಟೆ.

ಎರಡಕ್ಕೆ ಬಂದ, ಮಳೆಯಲ್ಲಿ ತೊಯ್ದು. ಹನಗೋಡಿನ ಹತ್ತಿರ ಬಸ್ಸು ಕೆಟ್ಟಿತಂತೆ, ಯಾರದೋ ಬೈಕ್ ಹಿಂದೆ ಕೂತು ಬಂದನಂತೆ. “ನೀವು ಇನ್ನೂ ಊಟ ಮಾಡಿಲ್ವಾ?” ಅಂದ, ಡಬ್ಬಿ ನೋಡಿ. “ಕೆಲಸವಿತ್ತು” ಅಂದೆ. ಸ್ವಾಮಿಗಳು ಅದೇ ಜಾತಕ, ಅದೇ ಆಷಾಢ ಅಂದರು. ಅವನು ಅದೇ ತಲೆಯಾಡಿಸಿದ. ಸ್ವಾಮಿಗಳ ಮೇಲೆ ನನಗೆ ಎಂಥ ಸಿಟ್ಟು ಬಂತೆಂದರೆ ಮೌಸ್ ಎತ್ತಿ ಮೇಜಿಗೆ ಕುಕ್ಕಿದೆ. ಮೌಸ್ ಸರಿಯಿಲ್ಲ ಅಂತ ಹೇಳಿ ಹೊಸದು ತರಿಸಿದೆ.

ಜುಲೈ ೧೭, ಗುರುವಾರ

ಎಚ್.ಡಿ. ಕೋಟೆ. ಕೊನೆಯ ಶಾಖೆ, ಸ್ವಾಮಿಗಳ ಅಳಿಯ ಸಾಗರನದು. ನಾಲ್ಕು ಶಾಖೆಯಲ್ಲಿ ಎ.ಸಿ. ಇರುವುದು ಇದೊಂದರಲ್ಲೇ. ಮೇಜಿನ ಮೇಲೆ ಹೊಳೆಯುವ ಮ್ಯಾಕ್. ಅದರಲ್ಲಿ ಹುಡುಗಿಯರ ಫೋಟೋ ತೋರಿಸಿದರೆ ಹುಡುಗಿಯರೂ ಹೊಳೆಯುತ್ತಾರೆ ಅಂತ ಅವನ ಸಿದ್ಧಾಂತ. ಹುಡುಗಿಯ ಹೆಸರು ಹೇಳುವುದಿಲ್ಲ, ನಂಬರ್ ಮಾತ್ರ.

ಮ್ಯಾಕಿಗೆ ಕನೆಕ್ಟರ್ ಹಾಕಲು ಹೋದರೆ, ‘ಇದನ್ನು ತಯಾರಿಸಿದವರು ಯಾರೆಂದು ತಿಳಿದಿಲ್ಲ, ಆದ್ದರಿಂದ ತೆರೆಯಲಾಗದು’ ಎಂದಿತು. ಒಳಗೆ ಬಿಡುವ ಮೊದಲು ಕುಲಗೋತ್ರ ಕೇಳುವ ಯಂತ್ರ. ಈ ಕೇಂದ್ರಕ್ಕೆ ಹೇಳಿ ಮಾಡಿಸಿದ್ದು. ಸೆಟ್ಟಿಂಗಿಗೆ ಹೋಗಿ, ಪಾಸ್‌ವರ್ಡ್ ಕೊಟ್ಟು, ನನ್ನ ಜವಾಬ್ದಾರಿ ಅಂತ ಒಪ್ಪಿಸಿದೆ. ಆಮೇಲೆ ಚಿಪ್ ಬೇರೆ ಅಂದಿತು. ಹಳೆ ಮ್ಯಾಕಿನದೊಂದು ಕನೆಕ್ಟರ್, ಹೊಸ ಮ್ಯಾಕಿನದು ಇನ್ನೊಂದು. ನಾನು ಹಾಕಿದ್ದು ಹಳೆಯದರದ್ದು. ಸಾಗರ್ ಪಕ್ಕದಲ್ಲಿ ಕೂತು, “ನಮ್ಮದು ಲೇಟೆಸ್ಟ್ ಮಾಡಲ್ ಮೇಡಂ” ಅಂತ ಮೂರು ಸಲ ಹೇಳಿದ. ಗೊತ್ತಾಯಿತಪ್ಪಾ, ಅದಕ್ಕೇ ಈ ಗೋಳು.

ಕೊನೆಗೂ ಆಯಿತು. ನಾಲ್ಕು ಶಾಖೆ, ನಾಲ್ಕು ಥರದ ಯಂತ್ರ, ಎಲ್ಲವೂ ಒಂದೇ ಡೇಟಾಬೇಸನ್ನು ನೋಡುತ್ತಿವೆ. ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಪರೀಕ್ಷೆಗೆ ಅಂತ ನಾಲ್ಕೂ ಶಾಖೆಯ ವಧುಗಳನ್ನು ಒಟ್ಟಿಗೆ ಕರೆದೆ.

ಒಂದೇ ಮುಖಗಳು. ಪಿರಿಯಾಪಟ್ಟಣದ ಹುಡುಗಿ ಕೆ.ಆರ್. ನಗರದಲ್ಲೂ ಇದ್ದಾಳೆ, ಎರಡು ವರ್ಷ ಚಿಕ್ಕವಳಾಗಿ. ಕೆ.ಆರ್. ನಗರದವಳು ಕೋಟೆಯಲ್ಲಿದ್ದಾಳೆ, ಎರಡಿಂಚು ಎತ್ತರವಾಗಿ. ನನ್ನ ಜೊತೆ ಹೈಸ್ಕೂಲು ಓದಿದವಳೊಬ್ಬಳು ನಾಲ್ಕೂ ಕಡೆ ಇದ್ದಳು. ಅವಳ ಮಗ ಈಗ ಐದನೇ ಕ್ಲಾಸು. ಗಂಡುಗಳು ಸಾವಿರಗಟ್ಟಲೆ, ನಿಜವಾದವರು. ಹೆಣ್ಣುಗಳು ಒಂದು ಮದುವೆ ಮನೆಯ ಪಂಕ್ತಿಗೆ ಆಗುವಷ್ಟು. ‘ನಮ್ಮಲ್ಲಿಲ್ಲ, ಆದರೆ ಬೇರೆ ಶಾಖೆಯಲ್ಲಿ ಬೇಕಾದಷ್ಟಿವೆ’ ಅಂತ ಪ್ರತಿ ಶಾಖೆಯವರೂ ಹೇಳಿಕೊಂಡು ಬಂದದ್ದು ಇದನ್ನೇ.

ಜೋರಾಗಿ ನಕ್ಕೆ. ಆಮೇಲೆ ಕೋಟೆ ೨೧೨ ಬಂತು. ಹಿಮದ ಬೆಟ್ಟದ ಪರದೆಯ ಮುಂದೆ ಹಳದಿ ಸೀರೆ, ಮುಖಕ್ಕೆ ಅರ್ಧ ಡಬ್ಬಿ ಪೌಡರು. ವಯಸ್ಸು ಇಪ್ಪತ್ತನಾಲ್ಕು. ನಾನು.

ಸಾಗರ್ ಪಕ್ಕದಲ್ಲೇ ಇದ್ದ, ಗುರುತು ಹಿಡಿಯಲಿಲ್ಲ. “ಇದು ನಮ್ಮ ಬೆಸ್ಟ್ ಪ್ರೊಫೈಲ್ ಮೇಡಂ. ಎಲ್ಲರಿಗೂ ಮೊದಲು ಇದನ್ನೇ ತೋರಿಸೋದು” ಅಂದ.

ನಿಂಗರಾಜುವಿನ ಹೆಸರು ಹೊಡೆದು ನೋಡಿದೆ. ಆಯ್ಕೆ: ಕೋಟೆ ೨೧೨. ಸ್ಥಿತಿ: ಜಾತಕ ಪರಿಶೀಲನೆಯಲ್ಲಿ.

ಜುಲೈ ೧೮, ಶುಕ್ರವಾರ

ಸ್ವಾಮಿಗಳ ಜೊತೆ ಜಗಳ. ಹುಡುಗಿಯರು ಒಬ್ಬರೇ ನಾಲ್ಕು ಕಡೆ ಇರುವುದು ಅವರಿಗೆ ಗೊತ್ತಿತ್ತು. ಅಷ್ಟು ಸಲೀಸಾಗಿ ಬಯಲಿಗೆ ಬರುತ್ತದೆ ಅಂತ ಗೊತ್ತಿರಲಿಲ್ಲ.

“ಒಂದ್ಕಡೆ ಕಂಡೋರು ಇನ್ನೊಂದ್ಕಡೆ ಕಾಣದಂಗೆ ಮಾಡ್ಬುಡಮ್ಮ. ನಿಂಗೇನು ಕಷ್ಟ?”

“ನನ್ನ ಫೋಟೋ ತೋರಿಸಿ ಆ ಮನುಷ್ಯನನ್ನ ಎರಡು ವರ್ಷ ಕಾಯಿಸಿದೀರಲ್ಲ ಸಾರ್, ನಾಚಿಕೆ ಆಗಲ್ವಾ?”

“ಕಾಯ್ಸಿದ್ನಾ? ಆಸೆ ಕೊಟ್ಟಿವ್ನಿ ಕಣಮ್ಮ. ಇಲ್ಲ ಅಂದುಬುಟ್ರೆ ನೊಂದ್ಕಳಕಿಲ್ವಾ ಅವ್ನು?”

ಕರುಣಾಮಯಿ.

ಜುಲೈ ೨೧, ಸೋಮವಾರ

ಬರೆಯದೇ ಮಲಗೋಣ ಅಂದುಕೊಂಡಿದ್ದೆ. ಆಗಲಿಲ್ಲ.

ಹನ್ನೊಂದಕ್ಕೆ ಬಂದ. ಸ್ವಾಮಿಗಳು ಯಾವುದೋ ಗೃಹಪ್ರವೇಶಕ್ಕೆ ಹೋಗಿದ್ದರು. ಕೂತ್ಕೊಳ್ಳಿ ಅಂತ ಹೇಳಿ ಸ್ಕ್ರೀನ್ ಅವನ ಕಡೆ ತಿರುಗಿಸಿದೆ. ಕೋಟೆ ೨೧೨ ತೆಗೆದೆ. ಅವನ ಮುಖ ಅರಳಿತು. “ಇವ್ರೆಯಾ” ಅಂದ. ಪಿರಿಯಾಪಟ್ಟಣದ್ದು ತೆಗೆದೆ, ಅದೇ ಹಳದಿ ಸೀರೆ. ಕೆ.ಆರ್. ನಗರದ್ದು, ಅದೇ. ಹುಣಸೂರಿನದೂ ಅದೇ.

“ಎಲ್ಲಾ ಕಡೆನೂ ಕೊಟ್ಟವ್ರಾ?”

“ಒಂಬತ್ತು ವರ್ಷದ ಹಿಂದೆ ಕೊಟ್ಟಿದ್ದು. ಆಮೇಲೆ ಅವಳಿಗೆ ಮದುವೆ ಆಯ್ತು. ಅದು ಮುರಿದೂ ಹೋಯ್ತು. ಇಲ್ಲಿ ಯಾರೂ ಅಳಿಸಲಿಲ್ಲ.”

“ಪಾಪ” ಅಂದ. ತನಗಲ್ಲ, ಅವಳಿಗೆ. “ನಿಮ್ಗೆ ಗೊತ್ತಿರೋರಾ ಮೇಡಂ?”

“ಸರಿಯಾಗಿ ನೋಡ್ರೀ.”

ಸ್ಕ್ರೀನ್ ನೋಡಿದ, ನನ್ನನ್ನು ನೋಡಿದ, ಮತ್ತೆ ಸ್ಕ್ರೀನ್ ನೋಡಿದ. “ಆಗ ಒಸಿ ದಪ್ಪ ಇದ್ರಿ” ಅಂದ. ಬೇರೆ ಸಮಯದಲ್ಲಾಗಿದ್ದರೆ ಹೊಸ ಮೌಸೂ ಒಡೆಯುತ್ತಿತ್ತು.

“ಅಂಗಾರೆ ಜಾತಕ...”

“ಯಾರೂ ನೋಡಿಲ್ಲ. ನಿಮ್ಮ ಸಂಬಂಧದ ಮಾತನ್ನೇ ನನಗೆ ಯಾರೂ ಹೇಳಿರಲಿಲ್ಲ. ನನಗೆ ಗೊತ್ತಾಗಿದ್ದು ಹೋದ ಗುರುವಾರ.”

ಕೂಗಾಡುತ್ತಾನೆ ಅಂತ ಕಾದೆ. ಕುರ್ಚಿ ಎತ್ತಿ ಒಗೆದರೂ ಸರಿ ಅನ್ನಿಸಿತ್ತು. ಅವನು ತನ್ನ ಅಂಗೈ ನೋಡಿಕೊಂಡ. ಕೈಗೆ ಹೊಗೆಸೊಪ್ಪಿನ ಅಂಟು ಕಪ್ಪಗೆ ಹಿಡಿದಿತ್ತು. ಎಷ್ಟು ತೊಳೆದರೂ ಹೋಗದ ಬಣ್ಣ ಅದು.

“ಎರಡು ವರ್ಸ ಆಗೋಯ್ತು ಕಣ್ರೀ” ಅಂದ. ಆಮೇಲೆ ತಲೆಯೆತ್ತಿ, “ಈಗ ನಿಮ್ಗೆ ಗೊತ್ತಾಯ್ತಲ್ಲ. ನನ್ನ ವಿಚಾರ ಎಲ್ಲಾನೂ ನಿಮ್ ಮುಂದೆ ಅದೆ. ನೀವೇ ಒಂದು ಮಾತು ಯೋಳ್ಬುಡಿ. ಊಂ ಅಂತನೋ ಇಲ್ಲ ಅಂತನೋ. ಎದ್ದೋಯ್ತೀನಿ.”

“ಇಲ್ಲ” ಅಂದೆ.

ಯೋಚಿಸಿ ಹೇಳಿದ್ದಲ್ಲ. ಬಾಯಿಯಲ್ಲಿ ಅದೇ ಇತ್ತು, ಬಂತು. ಒಂದು ವರ್ಷದಿಂದ ಎಲ್ಲರಿಗೂ ಅದನ್ನೇ ಹೇಳುತ್ತಿದ್ದೇನೆ, ಅಮ್ಮನಿಗೆ, ಚಿಕ್ಕಮ್ಮಂದಿರಿಗೆ, ಪಕ್ಕದ ಮನೆಯವರಿಗೆ. ನಾಲಿಗೆಗೆ ರೂಢಿ.

ಅವನು ತಲೆಯಾಡಿಸಿದ. ಪ್ರತಿ ಸೋಮವಾರದ ತಲೆಯಾಟವಲ್ಲ ಅದು, ಭಾರ ಇಳಿಸಿದವನದು. “ಉಪ್ಕಾರ ಆಯ್ತು ಕಣ್ರೀ. ಈ ಏಳೆಂಟು ವರ್ಸದಾಗೆ ಎಷ್ಟು ಬಾಗ್ಲು ತುಳ್ದಿವ್ನೋ ಏನೋ. ಒಬ್ರಾದ್ರೂ ಮಕ ನೋಡಿ ಇಲ್ಲ ಅಂದೋರಿಲ್ಲ. ಎಲ್ಲಾ ಯೋಳಿ ಕಳುಸ್ತೀವಿ ಅನ್ನೋರೇಯಾ. ನಾನು ಮನೆಗೋಗಿ ಫೋನ್ ಮಡಿಕ್ಕಂಡು ಕುಂತ್ಕಳೋನು. ಚಾರ್ಜ್ ಆಗಕ್ಕೆ ಆಕುದ್ರೂ ಪಕ್ಕದಾಗೇ ಕುಂತಿರ್ತಿದ್ದೆ. ಇವತ್ತು ನೀವು ಬಾಯ್ಬುಟ್ಟು ಯೋಳುದ್ರಿ. ಇನ್ನು ನನ್ನ ಎಸ್ರು ತಗುದ್ಬುಡಿ.”

ತೆಗೆದೆ. ಗಂಡಿನ ಹೆಸರು ಅಳಿಸಿದರೆ ಅಪಶಕುನವೇನೂ ಇಲ್ಲವಲ್ಲ. ಅವನ ಕಣ್ಣೆದುರೇ ಅಳಿಸಿದೆ. ನಾಲ್ಕೂ ಶಾಖೆಯಿಂದ ಒಂದೇ ಏಟಿಗೆ ಹೋಯಿತು.

ಮೆಟ್ಟಿಲ ಹತ್ತಿರ ನಿಂತು, “ಕೆಲ್ಸ ಭೇಸಾಗಿ ಮಾಡಿದ್ದೀರ ಮೇಡಂ. ನಾಕೂರಿಂದೂ ಒಂದೇ ಕಡೆ ಕಾಣ್ತದೆ” ಅಂದ. ಈ ಒಂದು ತಿಂಗಳಲ್ಲಿ ನನ್ನ ಕೆಲಸವನ್ನು ಮೆಚ್ಚಿದವನು ಅವನೊಬ್ಬನೇ.

ಸಂಜೆ ಅಮ್ಮನ ಮೇಲೆ ರೇಗಿದೆ, ಸಾರಿಗೆ ಉಪ್ಪು ಸಾಲದು ಅಂತ. ಉಪ್ಪು ಸರಿಯಾಗಿಯೇ ಇತ್ತು. ಆಮೇಲೆ ಅಳು ಬಂತು. ಯಾಕೆ ಅಂತ ಕೇಳಿದರು. ಈರುಳ್ಳಿ ಅಂದೆ. ಸಾರಿಗೆ ಈರುಳ್ಳಿ ಹಾಕಿರಲಿಲ್ಲ.

ಜುಲೈ ೨೮, ಸೋಮವಾರ

ಶ್ರಾವಣ ಬಂದಿದೆ. ಸ್ವಾಮಿಗಳು ಹೇಳಿದ ಹಾಗೆ ಜನ ಮೆಟ್ಟಿಲು ಮುರಿದುಕೊಂಡು ಬಂದರು. ಆದರೆ ಹೆಣ್ಣು ನೋಡಲಿಕ್ಕಲ್ಲ.

ಹನಗೋಡಿನಲ್ಲಿ ಸುದ್ದಿ ಹಬ್ಬಿದೆ. ಹುಣಸೂರಿನ ಕೇಂದ್ರದಲ್ಲಿ ಒಬ್ಬ ಮೇಡಂ ಇದ್ದಾರೆ, ಮುಖದ ಮೇಲೆ ‘ಇಲ್ಲ’ ಅಂತ ಹೇಳುತ್ತಾರೆ ಅಂತ. ಬೆಳಗ್ಗೆಯಿಂದ ಸಾಲು. ಬೇಕರಿಯವನು ಬನ್ ಖಾಲಿ ಅಂತ ಬಾಗಿಲಿಗೆ ಬಂದು ಹೇಳಿಹೋದ.

“ಮೇಡಂ, ನಂದು ಮೂರು ವರ್ಸದಿಂದ ಜಾತಕದಾಗೆ ಅದೆ. ಒಸಿ ನೋಡಿ ಇಲ್ಲ ಅಂದ್ಬುಡಿ.”

“ನಂಗೂ ಒಂದು ಇಲ್ಲ ಅನ್ಸಿ ಮೇಡಂ, ಬ್ಯಾರೆ ಕಡೆ ನೋಡ್ಕಂತೀನಿ.”

ಒಬ್ಬೊಬ್ಬರನ್ನೇ ಕೂರಿಸಿಕೊಂಡು, ಅವರು ಕಾಯುತ್ತಿದ್ದ ಹುಡುಗಿಯ ಮನೆಗೆ ಫೋನ್ ಮಾಡಿ ಕೇಳಿ ಹೇಳಿದೆ. ಮದುವೆಯಾಗಿದೆ, ಇಲ್ಲ. ಎರಡು ಮಕ್ಕಳಿವೆ, ಇಲ್ಲ. ಹುಡುಗಿ ಕೆಲಸಕ್ಕೆ ಸೇರಿದ್ದಾಳೆ, ಹಳ್ಳಿ ಒಲ್ಲಳು, ಇಲ್ಲ. ಕೆಲವರು ಬೈದುಕೊಂಡು ಹೋದರು, ಒಬ್ಬ ಅಲ್ಲೇ ಕೂತು ಕಣ್ಣೊರೆಸಿಕೊಂಡ. ಬಹಳ ಜನ ಕೈ ಮುಗಿದರು.

ಸ್ವಾಮಿಗಳು ಬಂದು ನೋಡಿ ಕೆಂಡವಾದರು. ಸಾಲು ನೋಡಿ ತಣ್ಣಗಾದರು. ಸಂಜೆಯೊಳಗೆ ಬಾಗಿಲಿಗೆ ಫ್ಲೆಕ್ಸ್ ಬಂತು: ‘ನಾಲ್ಕು ತಾಲ್ಲೂಕಿನಲ್ಲಿ ಪ್ರಪ್ರಥಮ! ಇಲ್ಲಿ ಖಚಿತ ಉತ್ತರ ದೊರೆಯುತ್ತದೆ.’ ಅದರ ಮೇಲೆ ಅವರದೇ ದೊಡ್ಡ ಫೋಟೋ, ಕೈ ಮುಗಿದುಕೊಂಡು. ಈ ಮನುಷ್ಯನನ್ನು ನೀರಿಗೆ ಎಸೆದರೆ ಮೀನು ಹಿಡಿದುಕೊಂಡೇ ಮೇಲೆ ಬರುತ್ತಾರೆ.

ಹನಗೋಡಿನಿಂದ ಅಷ್ಟು ಜನ ಬಂದರು. ಅವನು ಬರಲಿಲ್ಲ. ಬರುವುದಕ್ಕೆ ಅವನಿಗೆ ಕೆಲಸವೇನಿದೆ. ಅವನ ಪಕ್ಕದ ಮನೆಯವನನ್ನು ಕೇಳಿದೆ, ಸುಮ್ಮನೆ ಮಾತಿಗೆ. ಹೊಗೆಸೊಪ್ಪಿನ ಎಲೆ ಮುರಿಯುವ ಕೆಲಸ ಜೋರಾಗಿದೆ ಅಂದ.

ಆಗಸ್ಟ್ ೧, ಶುಕ್ರವಾರ

ಸ್ವಾಮಿಗಳು ಒಪ್ಪಿದ್ದಾರೆ, ಹಳೆಯ ಹೆಸರುಗಳನ್ನೆಲ್ಲ ತೆಗೆಯಬಹುದಂತೆ. ಕುಳ್ಳಯ್ಯನವರಿಗೆ ಮಾತ್ರ ಹೇಳಬಾರದು. ದಿನವಿಡೀ ಕೂತು ತೆಗೆದೆ. ಒಬ್ಬಳನ್ನು ನಾಲ್ಕು ಸಲ ಅಳಿಸಬೇಕಿತ್ತು. ಕೊನೆಗೆ ಉಳಿದವಳು ನಾನು.

ಪಿರಿಯಾಪಟ್ಟಣದ್ದು, ಕೆ.ಆರ್. ನಗರದ್ದು, ಹುಣಸೂರಿನದು ಅಳಿಸಿದೆ. ಕೋಟೆ ೨೧೨ಕ್ಕೆ ಬಂದಾಗ, ‘ಖಚಿತವೇ?’ ಅಂತ ಕೇಳಿತು. ಈ ಪ್ರಶ್ನೆ ಕೇಳುವಂತೆ ಪ್ರೋಗ್ರಾಂ ಬರೆದವಳು ನಾನೇ.

ಅಳಿಸಲಿಲ್ಲ. ಸರಿಮಾಡಿದೆ. ವಯಸ್ಸು ಮೂವತ್ತಮೂರು. ವಿಚ್ಛೇದಿತೆ. ಕೆಲಸ ಕಂಪ್ಯೂಟರಿನದು. ಸಿಟ್ಟು ಜಾಸ್ತಿ ಅಂತ ಬರೆಯಲು ಕಾಲಂ ಇರಲಿಲ್ಲ, ‘ಇತರೆ’ಯಲ್ಲಿ ಬರೆದೆ. ಹಿಮದ ಬೆಟ್ಟ ತೆಗೆದು ಫೋನಿನಲ್ಲಿ ಈಗಿನ ಮುಖ ಹೊಡೆದು ಹಾಕಿದೆ. ಹಳ್ಳಿಯಾದರೂ ಆದೀತೇ ಅಂತ ಒಂದು ಪ್ರಶ್ನೆ ಇದೆ, ಅದಕ್ಕೆ ‘ಆಗಬಹುದು’ ಅಂತ ಕೊಟ್ಟೆ. ಇದಕ್ಕೆ ವಿಶೇಷ ಅರ್ಥವೇನೂ ಇಲ್ಲ. ಡೇಟಾಬೇಸ್ ಅಂದ ಮೇಲೆ ಮಾಹಿತಿ ಸರಿಯಿರಬೇಕು, ಅಷ್ಟೆ.

ಎಲ್ಲ ಕಡೆ ಸರಿಯಾಗಿ ಬಂದಿದೆಯಾ ಅಂತ ಶಾಖೆಗಳಿಗೆ ಫೋನ್ ಮಾಡಿದೆ. ಸಾಗರ್, “ಮೇಡಂ, ಇದು ನೀವಾ?” ಅಂತ ಕೂಗಿಕೊಂಡ. ಅಫ್ರೀನ್ ಏನೂ ಕೂಗಲಿಲ್ಲ. “ಅಕ್ಕಾ, ನಾಲ್ಕು ತಾಲ್ಲೂಕಲ್ಲೂ ಕಾಣ್ತಾ ಇದೆ. ಕಾಣ್ಬೇಕಾದೋರಿಗೆ ಕಾಣುತ್ತಾ?” ಅಂದಳು.

ಎಂಥ ತಲೆಹರಟೆ ಹುಡುಗಿ. ಕಾಣುವುದಿಲ್ಲ. ಪಟ್ಟಿಯಲ್ಲಿ ಹೆಸರಿದ್ದವರಿಗಷ್ಟೇ ವಿವರ ತೋರಿಸುವುದು. ಕಂಡ ಕಂಡ ಗಂಡುಗಳಿಗೆಲ್ಲ ಕಾಣುತ್ತದೆ. ಆ ಒಬ್ಬನ ಹೆಸರು ನಾನೇ ಅಳಿಸಿದ್ದು. ಫೋನ್ ನಂಬರೂ ಅದರ ಜೊತೆಗೇ ಹೋಗಿದೆ.

ಆಗಸ್ಟ್ ೩, ಭಾನುವಾರ

ನಾಳೆ ರಜ ಹಾಕಿದ್ದೇನೆ. ಒಂದು ತಿಂಗಳು ಬಸ್ಸಿನಲ್ಲಿ ಕುಲುಕಾಡಿ ಮೈಯೆಲ್ಲ ನೋವು. ಸುಮ್ಮನೆ ಎಲ್ಲಾದರೂ ಹೋಗಿ ಹೊಳೆ ದಂಡೆಯಲ್ಲಿ ಕೂತು ಬರೋಣ ಅನ್ನಿಸಿತು.

“ಅಮ್ಮಾ, ಹನಗೋಡಿಗೆ ಬೆಳಗ್ಗೆ ಎಷ್ಟೊತ್ತಿಗೆ ಬಸ್ಸಿದೆ?”

“ಅಲ್ಲೇನೆ ಕೆಲ್ಸ ನಿಂಗೆ?”

“ಏನಿಲ್ಲ. ಲಕ್ಷ್ಮಣತೀರ್ಥ ತುಂಬಿ ಹರೀತಿದೆಯಂತೆ. ನೋಡ್ಕೊಂಡು ಬರ್ತೀನಿ.”

ಅಮ್ಮ ಕಾಳು ಆರಿಸುವುದು ನಿಲ್ಲಿಸಿ ನನ್ನ ಮುಖವನ್ನೇ ನೋಡಿದರು. “ಅದು ಹುಣಸೂರಲ್ಲೂ ಹರೀತದೆ ಕಣೆ. ನಮ್ಮನೆ ಹಿತ್ಲಲ್ಲಿ ನಿಂತ್ರೆ ಕಾಣ್ತದೆ.”

ನಮ್ಮಮ್ಮ ಈ ಸುನಂದಮ್ಮನಿಗೆ ಎಲ್ಲದರಲ್ಲೂ ಮೂಗು ತೂರಿಸುವ ಚಟ. ಏಳೂವರೆಗೆ ಬಸ್ಸಂತೆ. ನೀಲಿ ಸೀರೆಗೆ ಇಸ್ತ್ರಿ ಹಾಕಿಟ್ಟಿದ್ದೇನೆ.